ಕಾಂತಾಳ ಪಾಸ್‌ಪೋರ್ಟು ನನ್ನ ಟ್ರಂಕಿನಲ್ಲಿದೆ

ಟಿಳಕವಾಡಿ, ಬೆಳಗಾವಿ
ತಾ. ೧೮-೨-೧೯೮೮

ಚಿ. ಸೌ. ಚಂದ್ರವ್ವನಿಗೆ ನಿನ್ನ ಅಕ್ಕನ ಮನಸಾರೆ ಆಶೀರ್ವಾದ.

ನಾನು ಆರಾಮ ಇದ್ದೇನೆ. ನೀನೂ ನಿಮ್ಮ ಯಜಮಾನರು ಡಾಕ್ಟರೂ ಆ ಇಂಗ್ಲೆಂಡಿನ ಥಂಡಿಯಲ್ಲಿ ಹೇಗಿದ್ದೀರೋ ಎಂಬ ಚಿಂತೆ ಇದ್ದೇ ಇದೆ. ಮುಂಬಯಿಯಿಂದ ಬಂದು ಹನ್ನೆರಡು ದಿನವಾಯಿತು, ಅಕ್ಕ ಒಂದು ಕಾಗದ ಹಾಕಲಿಲ್ಲವೆಂದು ದಾರಿ ಕಾಯ್ದಿರಬೇಕು. ತಪ್ಪಾಯಿತು. ಪೆನ್ನು ಹಿಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಬಸುರಿಗೆ ಸಿಟ್ಟಿನಲ್ಲಿ ಬರೆಯಬಾರದೆಂದು ಸುಮ್ಮನಾಗುತ್ತಿದ್ದೆ. ಸಿಟ್ಟು ಇವತ್ತೂ ಹೋಗಿಲ್ಲ. ಇನ್ನೂ ತಡೆದರೆ ನಿನ್ನ ಹೆರಿಗೆಯೇ ಆಗಿಹೋದೀತು.

ಸುದ್ದಿ ಇಷ್ಟು. ನಿನ್ನ ಬಾಣಂತನಕ್ಕೆ ನಿನ್ನ ನಾದಿನಿ ಕಾಂತಾ ಬರುತ್ತಾಳೆ. ಅವಳಿಗೆ ವೀಸಾ ಸಿಕ್ಕಿತು, ನನಗೆ ಸಿಗಲಿಲ್ಲ.

ರವಿವಾರ ಪೇಟೆಯಲ್ಲಿ ಫಾರ್ಮು ತುಂಬಿಕೊಡುವ ಗುರುಪುತ್ರಪ್ಪನವರ ಹತ್ತಿರ ಇಬ್ಬರೂ ಹೋಗಿದ್ದೆವು. ಈಗೀಗ ಇಂಗ್ಲೆಂಡಿಗೂ ನಮ್ಮವರಿಗೆ ವೀಸಾ ಬೇಕೇ ಬೇಕಂತೆ. ಅಲ್ಲೇ ಉಳಿಯುವ ವೀಸಾ ಗಂಡ, ಹೆಂಡತಿ, ಮಕ್ಕಳು, ವಯಸ್ಸಾದ ತಾಯಿತಂದೆ ಇಂಥವರಿಗೆ. ದುಡಿಯಲು ಹೋಗುವವರದು ಬೇರೆ, ಓದಲು ಹೋಗುವವರದು ಬೇರೆ. "ಅಕ್ಕಗ ಯಾವುದ್ರೀ?" ಎಂದು ಕೇಳಿದೆ. "ಅಕ್ಕಾ-ತಂಗಿಗೆ ಅಂತ ಬ್ಯಾರೆ ಇಲ್ರಿ ಬಾಯಾರ. ಭೇಟಿ ವೀಸಾದ ಮ್ಯಾಲ ಹೋಗ್ರಿ. ಭಾಳಂದ್ರ ಆರು ತಿಂಗಳಾ ಇದ್ದು ಬರ್ರಿ," ಎಂದರು. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದೆ, ಅದೇ ವರ್ಷ ಅವ್ವ ತೀರಿಕೊಂಡಳು, ಮೂರು ತಿಂಗಳ ನಿನ್ನನ್ನು ನಾನು ಎತ್ತಿಕೊಂಡೆ. ಇದನ್ನು ಬರೆಯಲು ಫಾರ್ಮಿನಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಆರು ತಿಂಗಳು ಎಂದದ್ದೇ ತಡ, ಶಾಲೆಯ ಹೊಲಿಗೆ ಟೀಚರ್ ಕೆಲಸಕ್ಕೆ ಮರುದಿನವೇ ರಾಜೀನಾಮೆ ಕೊಟ್ಟೆ. ಅಷ್ಟು ದಿನ ರಜೆ ಯಾರು ಕೊಡುತ್ತಾರೆ? ಯಾರನ್ನೂ ಕೇಳಲಿಲ್ಲ, ನಿನಗೂ ತಿಳಿಸಲಿಲ್ಲ.

ಮುಂಬಯಿಯ ವೀಸಾ ಕಚೇರಿಯಲ್ಲಿ ಮೊದಲು ಕಾಂತಾಳನ್ನು ಕರೆದರು. ಒಳಗೆ ಹೋದವಳೇ ಅತ್ತಳಂತೆ. "ಮೂರೂ ಸಣ್ಣ ಹುಡುಗ್ರ ಅದಾವ್ರಿ, ಎರಡ ತಿಂಗಳದಾಗ ಓಡಿ ಬರಬೇಕ್ರಿ," ಅಂದಳಂತೆ. ಗಂಡನ ಖಾನಾಪುರದ ಹಂಚಿನ ಕಾರ್ಖಾನೆಯ ಕಾಗದ ತೋರಿಸಿ ಐದು ನಿಮಿಷಕ್ಕೆ ಹೊರಗೆ ಬಂದಳು. ಹೋಗಲು ಮನಸ್ಸೇ ಇಲ್ಲದವಳಿಗೆ ವೀಸಾ!

ಆಮೇಲೆ ನಾನು. ಸಾಹೇಬನ ಬಾಜು ಕುಳಿತ ದುಭಾಷಿ, ಇಲ್ಲಿ ನಿಮಗೆ ಯಾರಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದ. ನಾನೂ ಮರಾಠಿಯಲ್ಲೇ ಹೇಳಿದೆ, ನಿನಗೆ ನಮ್ಮ ಮಾತಿನಲ್ಲಿ ಬರೆಯುತ್ತೇನೆ: "ಇಲ್ಲೆ ನನಗ ಯಾರೂ ಇಲ್ರಿ. ಇರೂದೆಲ್ಲಾ ಅಲ್ಲೇ ಐತಿ. ನೌಕರೀನೂ ಬಿಟ್ಟೀನಿ. ತಂಗಿ ಎಷ್ಟ ದಿನಾ ಇರು ಅಂತಾಳ, ಅಷ್ಟ ದಿನಾ ಇರತೇನ್ರಿ." ಇಷ್ಟು ಜೀವ ಇಟ್ಟುಕೊಂಡವಳಿಗೆ ಇಲ್ಲವೆನ್ನುತ್ತಾರೆಯೇ ಎಂದು ನನ್ನ ಧೈರ್ಯ. ಸಾಹೇಬ ತಲೆ ಎತ್ತದೆ ಏನೋ ಬರೆದುಕೊಂಡ.

ಊರಿಗೆ ಬಂದು ಹೇಳಿದಾಗ ಗುರುಪುತ್ರಪ್ಪ ಹಣೆ ಬಡಿದುಕೊಂಡರು. "ತಿರುಗಿ ಬರ್ತೀರಿ ಅನ್ನೂದಕ್ಕ ಆ ನೌಕರೀನ ಸಾಕ್ಷಿ ಇತ್ತಲ್ರಿ! ಅದನ್ನ ಬಿಟ್ಟು ಹೋಗಿ ನಿಂತ್ರಲ್ಲಾ!" ಪ್ರೀತಿ ತೋರಿಸಿದರೆ ಒಳಗೆ ಬಿಡುತ್ತಾರೆಂದು ತಿಳಿದಿದ್ದೆ. ಅವರಿಗೆ ಬೇಕಾದದ್ದು ಇಲ್ಲಿ ನನ್ನನ್ನು ಎಳೆಯುವ ಹಗ್ಗ. ಅದನ್ನು ನಾನೇ ಕತ್ತರಿಸಿಕೊಂಡು ಹೋಗಿದ್ದೆ.

ಖರೇ ಹೇಳುತ್ತೇನೆ, ಕಾಂತಾಳ ಮೇಲೆ ನನಗೆ ಹೊಟ್ಟೆಕಿಚ್ಚು. ಅವಳಿಗೆ ಕೂಸಿಗೆ ನೀರು ಎರೆಯಲು ಬರುವುದಿಲ್ಲ. ಅವಳ ಮೂರೂ ಮಕ್ಕಳಿಗೆ ಎರೆದದ್ದು ಅವಳ ಅತ್ತೆ, ಬೇಕಾದರೆ ಖಾನಾಪುರದಲ್ಲಿ ಯಾರನ್ನಾದರೂ ಕೇಳು. ಅಂಟಿನುಂಡೆ ಕಟ್ಟಿದರೆ ಕಲ್ಲು. ನೀನು ನೋಡಿದರೆ ಕಾಂತಕ್ಕ, ಕಾಂತಕ್ಕ ಎನ್ನುತ್ತೀ, ಅವಳೂ ನಿನಗೆ ಅಕ್ಕನೇ! ಅವ್ವನ ಎರಡು ಹಳೆ ಸೀರೆ ಸೇರಿಸಿ ಕೂಸಿಗೆ ಕೌದಿ ಹೊಲಿದಿದ್ದೆ. "ವಜ್ಜಾ ಆಗತೈತ್ರಿ ಅಕ್ಕಾರ, ಅಲ್ಲೆ ಚಲೋ ಚಲೋ ರಗ್ಗು ಸಿಗತಾವಂತ," ಎಂದು ಬಿಟ್ಟು ಹೋದಳು.

ಇನ್ನೊಂದು ಹೇಳುವುದಿದೆ, ಓದಿ ನಗು, ಇಲ್ಲವೇ ಬೈ. ಮುಂಬಯಿಯಿಂದ ತಿರುಗಿ ಬರುವಾಗ, ಮಿರಜಿನಲ್ಲಿ ಗಾಡಿ ಬದಲಿಸುವ ಹೊತ್ತಿಗೆ, ಕಾಂತಾ ತನ್ನ ಪಾಸ್‌ಪೋರ್ಟನ್ನು ನನ್ನ ಚೀಲದಲ್ಲಿಟ್ಟಳು. "ನಿಮ್ಮ ಕಡೆ ಇರ್ಲಿರಿ ಅಕ್ಕಾರ, ನಮ್ಮ ಮನ್ಯಾಗ ಹುಡುಗ್ರು ಹರದಾವು." ಅದು ನನ್ನ ಟ್ರಂಕಿನಲ್ಲಿ ಕೌದಿಯ ಕೆಳಗಿದೆ. ದಿನಾ ತೆಗೆದು ವೀಸಾದ ಮುದ್ರೆ ನೋಡುತ್ತೇನೆ. ಮೊನ್ನೆ ಸೋಮವಾರ ಅವಳ ಗಂಡ ಒಯ್ಯಲು ಬಂದಿದ್ದ. "ಕೀಲಿಕೈ ಸಿಗವಲ್ದ್ರಿ, ಆಮ್ಯಾಲ ಬರ್ರಿ," ಎಂದೆ. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ಅವಳ ವಿಮಾನ ಮಾರ್ಚ್ ನಾಲ್ಕಕ್ಕೆ, ಅಲ್ಲಿಯವರೆಗೆ ಕೀಲಿಕೈ ಸಿಗದಿದ್ದರೆ ಆಯಿತು ಎಂದುಕೊಂಡೆ. ನಿನ್ನ ಅಕ್ಕ ಇಂಥವಳೂ ಹೌದು.

ಆದರೆ ನಿನ್ನೆ ಕೂಸಿನ ತಲೆಗೆ ಹಾಕುವ ಕುಂಚಿಗೆಗೆ ಗುಂಡಿ ಹಚ್ಚುತ್ತಿದ್ದಾಗ, ಯಾರೂ ಬಾರದೆ ನೀನೊಬ್ಬಳೇ ಹಸಿಮೈಯಲ್ಲಿ ಎದ್ದು ಅಡುಗೆ ಮಾಡುವುದು ಕಣ್ಣಿಗೆ ಬಂತು. ಬರುವ ರವಿವಾರ ಖಾನಾಪುರಕ್ಕೆ ಹೋಗಿ ಪಾಸ್‌ಪೋರ್ಟು ಕೊಡುತ್ತೇನೆ. ಕಾಂತಾಳ ಕಾಲ ಮೇಲೆ ತಲೆದಿಂಬು ಮಲಗಿಸಿ, ಕೂಸಿಗೆ ಎರೆಯುವುದನ್ನು ಕಲಿಸಿಯೇ ಬರುತ್ತೇನೆ. ಕೌದಿಯನ್ನೂ ಅವಳ ಪೆಟ್ಟಿಗೆಯಲ್ಲಿ ನಾನೇ ತುರುಕುತ್ತೇನೆ, ಬೇಕಾದರೆ ಅವಳ ನಾಲ್ಕು ಸೀರೆ ಹೊರಗಿರಲಿ.

ಬಸವಣ್ಣನ ದಯದಿಂದ ಸುಸೂತ್ರವಾಗಿ ಹೆತ್ತು ತಾಯಿ-ಕೂಸು ತಣ್ಣಗಿರಿ.

ಇಂತಿ ನಿನ್ನ ಅಕ್ಕ,
ಶಿವಬಸವ್ವ

ತಾ.ಕ.: ಮುಂಬಯಿಗೆ ಹೋಗುವಾಗ ನೀನು ನನಗೆ ಬರೆದ ಕಾಗದವನ್ನೂ ಫೈಲಿನಲ್ಲಿ ಇಟ್ಟುಕೊಂಡಿದ್ದೆ, ಸಾಹೇಬ ಕೇಳಿದರೆ ತೋರಿಸೋಣವೆಂದು. ಅವನು ಕೇಳಲಿಲ್ಲ. ತಿರುಗಿ ಬರುವಾಗ ಗಾಡಿಯಲ್ಲಿ ಮತ್ತೆ ಓದಿದೆ. "ಅಕ್ಕಾ, ನೀನಾಗಲಿ ಕಾಂತಕ್ಕನಾಗಲಿ, ಇಬ್ಬರಲ್ಲಿ ಯಾರು ಬಂದರೂ ನನಗೆ ನಡೆಯುತ್ತದೆ" ಎಂದು ಬರೆದಿದ್ದೀ. ಮೊದಲ ಸಲ ಆ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನೌಕರಿ ಬಿಡುವ ಅವಸರದಲ್ಲಿದ್ದೆ. ಸಾಹೇಬ ಇಲ್ಲವೆಂದದ್ದನ್ನು ಇಂದಲ್ಲ ನಾಳೆ ಮರೆತೇನು. ನೀನು ಖರೇ ಹೇಳು ಚಂದ್ರಾ, ಯಾರು ಬಂದರೂ ನಿನಗೆ ನಡೆಯುತ್ತದೆಯೇ?