ಗೋರಿಯ ಮೇಲಿನ ಕಿರಿಯ ಮಗಳು

ಅಪ್ಪಾ,

ನೀವು ತೀರಿಕೊಂಡ ಮೇಲೆ ಇವತ್ತು ಮೊದಲ ಸಲ, ಚರ್ಚು ನೋಡಲು ಬಂದವರಿಗೆ ಹಾರ್ಲ್‌ಡೆನ್ ಮನೆತನದ ಕಥೆಯನ್ನು ನಿಮ್ಮ ಬದಲು ನಾನೇ ಹೇಳಿದೆ. ಬಣ್ಣದ ಗಾಜಿನ ಕಿಟಕಿಯ ಬೆಳಕು, ಗೋರಿಯ ಮೇಲೆ ಮಲಗಿದಂತೆ ಕೆತ್ತಿರುವ ಆ ಮನೆತನದ ಕೊನೆಯ ಯಜಮಾನ ಸರ್ ಫುಲ್ಕನ ಕಲ್ಲಿನ ಮೈಮೇಲೆ ನೀರಿನಂತೆ ಅಲುಗುತ್ತಿತ್ತು. ಗೋರಿಯ ಬದಿಯಲ್ಲಿ ಸಾಲಾಗಿ ಕೆತ್ತಿದ ಅವನ ಮೂವರು ಹೆಣ್ಣುಮಕ್ಕಳನ್ನು ತೋರಿಸಿ, ನೀವು ಹೇಳುತ್ತಿದ್ದಂತೆಯೇ, "ಗಂಡು ಸಂತಾನವಿಲ್ಲದೆ ವಂಶ ಇಲ್ಲಿಗೆ ನಿಂತಿತು" ಎಂದೆ.

"ಯಾಕಮ್ಮ, ಈ ಹುಡುಗೀರಿಗೆ ಮಕ್ಕಳಾಗ್ಲಿಲ್ವಾ?" ಎಂದರು ಒಬ್ಬ ಅಜ್ಜಿ.

"ಆದ್ವು, ಮನೆತುಂಬ."

"ಮತ್ತೆ ನಿಂತಿದ್ದೆಲ್ಲಿ? ಹೆಸರು ಬದಲಾಯ್ತು ಅಷ್ಟೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. "ನಮ್ಮ ಹೆಸರೂ ನಿನಗೇ ಕೊನೆ" ಎಂದು ನೀವು ಊಟಕ್ಕೆ ಕೂತಾಗ ಹೇಳುತ್ತಿದ್ದುದು ನೆನಪಾಯಿತು.

ಕಲ್ಲಿನ ಆ ಮೂವರಲ್ಲಿ ಕಿರಿಯವಳ ತಲೆ ಮಾತ್ರ ಯಾಕಿಷ್ಟು ನುಣುಪಾಗಿ ಹೊಳೆಯುತ್ತದೆ ಎಂದು, ಚರ್ಚಿನ ಕೀಲಿ ಇಟ್ಟುಕೊಂಡಿರುವ ವಿನಿಫ್ರೆಡ್ ಆಂಟಿಯನ್ನು ಆಮೇಲೆ ಕೇಳಿದೆ.

"ನಿಮ್ಮಪ್ಪಂದೇ ಕೆಲಸ ಕಣೆ. ಸಂಜೆ ಹೊರಡೋವಾಗೆಲ್ಲ ಅವಳ ತಲೆ ಸವರಿ, 'ಬರ್ತೀನಿ ಪುಟ್ಟಿ' ಅಂತಿದ್ರು. ನಿಂಗೊತ್ತಿರ್ಲಿಲ್ವಾ?"

ಆಂಟಿ ಹೋದ ಮೇಲೆ ಗೋರಿಯ ಪಕ್ಕ ನೆಲದ ಮೇಲೆ ಕೂತೆ. ಬೆಳಕು ಮೆಲ್ಲಗೆ ಗೋಡೆ ಹತ್ತಿಹೋಯಿತು. ಹಾಗೆ ಕೂತರೆ ನನ್ನ ತಲೆ ಸರಿಯಾಗಿ ಅವಳ ತಲೆಯ ಎತ್ತರಕ್ಕೇ ಬರುತ್ತದೆ, ಅಪ್ಪಾ.