ಹೆಂಗಸರ ಕಡೆಯ ಕ್ಯಾಸೆಟ್

ಶಿವಾಜಿನಗರ
ನವೆಂಬರ್ ೧೬, ೨೦೨೫

ಪ್ರೀತಿಯ ಪದ್ದು,

ಹಮೀದಾಳ ಸಲಾಮು. ಈ ಅಕ್ಷರ ಕಂಡೊಡನೆ ಹರಿದು ಹಾಕಬೇಡ, ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ. ನಾವು ಮಾತು ಬಿಟ್ಟು ಹದಿನಾಲ್ಕು ವರ್ಷವಾಯಿತು. ನಿನ್ನ ನಂಬರು ನನ್ನ ಹತ್ತಿರವಿಲ್ಲ. ದೊಡ್ಡನೆಕ್ಕುಂದಿಯ ನಿಮ್ಮ ಮನೆಯಾದರೂ ಅಲ್ಲೇ ಇದ್ದೀತೆಂದು ನಂಬಿ ಬರೆಯುತ್ತಿದ್ದೇನೆ.

ನನ್ನ ಶೀಬಾ ಹೋದಳು ಪದ್ದು. ಕಳೆದ ವರ್ಷ, ರಂಜಾನ್ ಮುಗಿದ ಮೇಲೆ. ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಮಾಡಿದವರು ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಅದಾದ ಮೇಲೂ ಮೂರು ವರ್ಷ ಬದುಕಿದ್ದಳು, ಒಂದು ಮಾತೂ ಆಡದೆ. ಆಪರೇಷನ್ ಆದಾಗ ಅವಳ ಮಗಳು ಸಫೂರಾ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ.

ಈಗ ಸಫೂರಾ ಶಾಲೆಗೆ ಹೋಗುತ್ತಾಳೆ. ಅಲ್ಲಿ ಮಕ್ಕಳ ಅಮ್ಮಂದಿರೆಲ್ಲ ಗೇಟಿನಾಚೆ ನಿಂತು ಹೆಸರು ಹಿಡಿದು ಕೂಗುತ್ತಾರಂತೆ. ಮನೆಗೆ ಬಂದವಳೇ ಅಮ್ಮಿ ಹೇಗೆ ಕೂಗುತ್ತಿದ್ದಳು ಎಂದು ಕೇಳಿದಳು. ನಾನು ಶೀಬಾಳ ಹಾಗೆ ಸ್ವಲ್ಪ ಮೂಗಿನಲ್ಲಿ, ಕೊನೆಗೆ ಎಳೆದು, ಕೂಗಿ ತೋರಿಸಿದೆ. ಮಗು ನನ್ನ ಬಾಯನ್ನೇ ನೋಡುತ್ತಿತ್ತು.

"ಅದು ನಿಂದು ನಾನಿ," ಅಂದಳು. "ಅಮ್ಮೀದು ಹೇಳು."

ಈ ಕಾಲದಲ್ಲಿ ಒಬ್ಬಳ ದನಿ ಎಲ್ಲೂ ಉಳಿದಿಲ್ಲವೆಂದರೆ ನೀನು ನಂಬುತ್ತೀಯಾ? ಮದುವೆಗಳಲ್ಲಿ ಹೆಂಗಸರ ಕಡೆ ವಿಡಿಯೋ ತೆಗೆಯುವ ನಮ್ಮಿಬ್ಬರ ಕೆಲಸದ ನಡುವೆಯೇ ಶೀಬಾ ಬೆಳೆದವಳು. ಹೆಣ್ಣಿನ ಮುಖ, ಹೆಣ್ಣಿನ ದನಿ ಕಂಡವರ ಕೈಗೆ ಸಿಗಬಾರದು ಎಂಬುದು ಅವಳಿಗೆ ರಕ್ತದಲ್ಲೇ ಬಂದಿತ್ತು. ಫೋನಿನಲ್ಲಿ ಕಳಿಸಿದ್ದೆಲ್ಲ ತಾನೇ ಅಳಿಸಿಹೋಗುವ ಹಾಗೆ ಮಾಡಿಟ್ಟಿದ್ದಳು. ಮನೆಯಲ್ಲಿ ಯಾರಾದರೂ ವಿಡಿಯೋ ತೆಗೆದರೆ ನಿಂತು ಅಳಿಸಿಸುತ್ತಿದ್ದಳು. ಉಳಿದಿದ್ದು ಅವಳ ನಿಕಾಹ್‌ನ ದಿನ ಹೆಂಗಸರ ಕಡೆ ನೀನು ತೆಗೆದ ಕ್ಯಾಸೆಟ್ ಒಂದೇ.

ಅದರ ಕಥೆ ಕೇಳು. ನನ್ನ ಅಳಿಯ ಅರ್ಸಲಾನ್ ಒಳ್ಳೆಯವನು, ಆದರೆ ಕೈಗೆ ಸಿಗುವ ವಸ್ತು ಎಂದರೆ ಅವನಿಗೆ ಅಲರ್ಜಿ. ಕೆ.ಆರ್. ಪುರದ ಅವನ ಫ್ಲ್ಯಾಟಿನಲ್ಲಿ ಒಂದು ಡಿಸ್ಕ್ ಇಲ್ಲ, ಒಂದು ಆಲ್ಬಂ ಇಲ್ಲ. ಹಾಡು, ಸಿನಿಮಾ ಎಲ್ಲ ತಿಂಗಳ ಬಾಡಿಗೆಯದು. ನಿನ್ನೆ ನೋಡಿದ ಸಿನಿಮಾ ಇವತ್ತು ಟಿ.ವಿ.ಯಿಂದ ಮಾಯವಾದರೂ ಅವನಿಗೆ ಬೇಜಾರಿಲ್ಲ, ಇನ್ನೊಂದು ಬರುತ್ತದೆ ಅನ್ನುತ್ತಾನೆ. ಮದುವೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ನೋಡಲು ಪ್ಲೇಯರೂ ಸಿಗುವುದಿಲ್ಲ, ಆನ್‌ಲೈನಿನಲ್ಲಿ ಪಾಸ್‌ವರ್ಡ್ ಹಾಕಿ ಶೀಬಾಳ ಹೆಸರಿನಲ್ಲೇ ಭದ್ರವಾಗಿಡೋಣ ಎಂದ. ಇಟ್ಟ. ದೊಡ್ಡ ಟಿ.ವಿ.ಯಲ್ಲಿ ಒಂದು ಗೆರೆಯೂ ಇಲ್ಲದೆ ಶೀಬಾ ನಕ್ಕಾಗ ನಾನು ಅತ್ತೆ.

ನಮ್ಮ ನಿಯಮ ನಿನಗೆ ಮರೆತಿರಲಾರದು. ಹೆಂಗಸರ ಕಡೆಯದು ಒಂದೇ ಪ್ರತಿ, ಅದು ಮದುವಣಗಿತ್ತಿಯ ಮನೆಯವರ ಕೈಗೆ, ಉಳಿದದ್ದನ್ನು ಅವರ ಕಣ್ಣೆದುರೇ ಅಳಿಸಬೇಕು. ಎರಡನೆಯ ಪ್ರತಿ ಹುಟ್ಟಿತಲ್ಲ, ನಾನು ಮನೆಗೆ ಬಂದು ಕತ್ತರಿ ತೆಗೆದುಕೊಂಡು ಹಳೆಯ ಕ್ಯಾಸೆಟ್ಟಿನ ರಿಬ್ಬನ್ನನ್ನು ಚೂರು ಚೂರು ಮಾಡಿದೆ. ಯಾರೂ ಹೇಳಿರಲಿಲ್ಲ. ಕೈಗೆ ಅದೇ ಅಭ್ಯಾಸ.

ಅದನ್ನು ಆನ್‌ಲೈನಿನಲ್ಲಿ ಇಟ್ಟುಕೊಂಡಿದ್ದ ಕಂಪನಿ ಮುಚ್ಚಿಹೋಯಿತು. ನಿಮ್ಮದನ್ನು ಇಳಿಸಿಕೊಳ್ಳಿ ಎಂದು ಶೀಬಾಳ ಮೇಲ್‌ಗೆ ಬರೆದಿದ್ದರಂತೆ. ಅವಳು ಆಗ ಆಸ್ಪತ್ರೆಯಲ್ಲಿದ್ದಳು, ಮೇಲ್ ನೋಡುವವರು ಯಾರು? ಈಗ ತೆರೆದರೆ ಇಂಥ ಖಾತೆ ಇಲ್ಲ ಎಂದು ಬರುತ್ತದೆ. ಅರ್ಸಲಾನ್ ಮನೆಯಲ್ಲೇ ಎಲ್ಲ ಕೂಡಿಡುವ ಪೆಟ್ಟಿಗೆಯೊಂದನ್ನು ತಂದು ಒಳಗೆ ಡಿಸ್ಕ್ ಮೇಲೆ ಡಿಸ್ಕ್ ಹಾಕಿದ್ದಾನೆ, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅದರ ದೀಪ ಮಿಣಮಿಣ ಅನ್ನುತ್ತಿರುತ್ತದೆ, ಒಳಗೆ ನನ್ನ ಮಗಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಶೀಬಾಳ ಮದುವೆಯಾದ ತಿಂಗಳಲ್ಲೇ, ಫ್ರೇಜರ್ ಟೌನಿನ ಆ ಮದುವೆಯಲ್ಲಿ, ನಿನ್ನ ಬ್ಯಾಗಿನಲ್ಲಿ ಹೆಸರು ಬರೆಯದ ಕ್ಯಾಸೆಟ್ ಸಿಕ್ಕಿತು. ನನ್ನ ಮಗಳ ಮದುವೆಯನ್ನೇ ಕದ್ದಿಟ್ಟುಕೊಂಡಿದ್ದೀಯ ಎಂದೆ. ನೀನು ಏನೋ ಹೇಳಲು ಬಂದೆ, ನಾನು ಕೇಳಲಿಲ್ಲ. ರಿಬ್ಬನ್ ಎಳೆದು ಬಿರಿಯಾನಿ ದೇಗಿನ ಕೆಳಗಿನ ಬೆಂಕಿಗೆ ಹಾಕಿದೆ. ಅದಕ್ಕೆ ಕ್ಷಮೆ ಕೇಳಲು ಬರೆದಿಲ್ಲ. ಮದುವೆಯಲ್ಲಿ ನಮ್ಮನ್ನು ನಂಬಿ ಬುರ್ಖಾ ತೆಗೆದಿಟ್ಟು ಕುಣಿದವರು ಆ ಹೆಂಗಸರೆಲ್ಲ. ನಾನು ಮಾಡಿದ್ದು ಸರಿ ಎಂದು ಇವತ್ತಿಗೂ ಹೇಳುತ್ತೇನೆ.

ಆದರೆ ಒಂದು ಪ್ರತಿ ಕದ್ದವಳು ಇನ್ನೊಂದನ್ನೂ ಇಟ್ಟಿರುತ್ತಾಳೆ ಅಲ್ಲವೇ? ಪದ್ದು, ನೀನು ಕಳ್ಳಿಯಾಗಿರು. ನಮಾಜಿನಲ್ಲಿ ನಾನು ಕೇಳುವುದು ಇದೊಂದೇ. ಬೂಷ್ಟು ಹಿಡಿದಿದ್ದರೂ ಸರಿ, ಚಿತ್ರ ಬಾರದಿದ್ದರೂ ಸರಿ, ದನಿ ಇದ್ದರೆ ಸಾಕು.

ನಿನ್ನ
ಹಮೀದಾ

ತಾ.ಕ.: ಸಫೂರಾಳಿಗೆ ಹೇಳಿಬಿಟ್ಟಿದ್ದೇನೆ, ಅಮ್ಮಿಯ ದನಿ ಪದ್ದು ನಾನಿಯ ಮನೆಯಲ್ಲಿದೆ, ತರಿಸುತ್ತೇನೆ ಎಂದು. ದಿನಾ ಕೇಳುತ್ತಾಳೆ.

---

ದೊಡ್ಡನೆಕ್ಕುಂದಿ
ನವೆಂಬರ್ ೨೪, ೨೦೨೫

ಹಮೀದಾ,

ನಿನ್ನ ಕಾಗದ ಬಂತು. ಅಮ್ಮನಿಗೂ ಓದಿ ಹೇಳಿದೆ. ಅವಳಿಗೆ ಈಗ ಯಾರ ನೆನಪೂ ಸರಿಯಾಗಿಲ್ಲ, ಆದರೆ ಶೀಬಾ ಎಂದ ಕೂಡಲೇ ಆ ಮಗು ಊಟ ಮಾಡಿತಾ ಎಂದು ಕೇಳಿದಳು. ನಾನು ಎದ್ದು ಹಿತ್ತಲಿಗೆ ಹೋದೆ. ಎಷ್ಟು ಮದುವೆ ಮನೆಗಳಲ್ಲಿ ಶೀಬಾ ನನ್ನ ತೊಡೆಯ ಮೇಲೆ ನಿದ್ದೆ ಮಾಡಿದ್ದಾಳೆ. ಅವಳು ಹೋಗಿ ಒಂದೂವರೆ ವರ್ಷವಾದರೂ ನನಗೆ ಗೊತ್ತೇ ಇರಲಿಲ್ಲವಲ್ಲ.

ನೀನು ಕೇಳಿದ್ದು ನನ್ನ ಹತ್ತಿರ ಇಲ್ಲ. ಶೀಬಾಳ ಮದುವೆಯದು ಮಾತ್ರವಲ್ಲ, ಯಾರದೂ ಇಲ್ಲ. ಆವತ್ತು ನೀನು ಮಗಳನ್ನು ಬೀಳ್ಕೊಡುತ್ತಾ ಅಳುತ್ತಿದ್ದೆ. ಹಾಗಾಗಿ ಅಳಿಸುವುದನ್ನು ನಿನ್ನ ಅತ್ತೆ ಉಮ್ಮೆ ಕುಲ್ಸುಂ ಅವರ ಎದುರು ಮಾಡಿದೆ. ಅವರು ನನ್ನ ತಲೆ ಮುಟ್ಟಿ ಹರಸಿದ್ದರು. ನಿಯಮವನ್ನು ನಿನ್ನಷ್ಟೇ ನಾನೂ ಪಾಲಿಸಿದೆ. ನೀನು ಅದನ್ನು ನಿನ್ನ ಧರ್ಮ ಎಂದುಕೊಂಡಿದ್ದೆ, ನಾನು ಅದನ್ನು ನಮ್ಮಿಬ್ಬರ ಮಾತು ಎಂದುಕೊಂಡಿದ್ದೆ.

ಇಲ್ಲವೆಂದು ಗೊತ್ತಿದ್ದೂ ಅಟ್ಟದ ಟ್ರಂಕ್ ಇಳಿಸಿ ಹುಡುಕಿದೆ. ಖಾಲಿ ಕ್ಯಾಸೆಟ್‌ಗಳು ಸಿಕ್ಕವು, ಬಿಳಿ ಬೂಷ್ಟು ಹಿಡಿದಿವೆ. ಮಾರತ್ತಹಳ್ಳಿಯ ಅಂಗಡಿಯೊಂದರಲ್ಲಿ ಹಳೆಯ ಪ್ಲೇಯರ್ ಇಟ್ಟುಕೊಂಡಿದ್ದಾರೆ, ಒಯ್ದು ಒಂದೊಂದಾಗಿ ಹಾಕಿಸಿದೆ. ಎಲ್ಲದರಲ್ಲೂ ಕಪ್ಪು. ಅಂಗಡಿಯವನು ಏನು ಹುಡುಕ್ತಿದ್ದೀರಾ ಮೇಡಂ ಎಂದ. ಜೀವನದಲ್ಲಿ ಮೊದಲ ಸಲ, ನಾನು ಸ್ವಲ್ಪ ಮೋಸ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಪದ್ಮಶ್ರೀ

ತಾ.ಕ.: ಇದನ್ನು ಬರೆಯಬಾರದೆಂದು ಮೂರು ದಿನ ತಡೆದುಕೊಂಡೆ. ಆದರೆ ಆವತ್ತೂ ನೀನು ಕೇಳಲಿಲ್ಲ, ಈ ಕಾಗದದಲ್ಲೂ ಕಳ್ಳಿ ಎಂದೇ ಬರೆದಿದ್ದೀಯ. ನೀನು ಬೆಂಕಿಗೆ ಹಾಕಿದ ಕ್ಯಾಸೆಟ್ಟಿನಲ್ಲಿ ಯಾರ ಮದುವೆಯೂ ಇರಲಿಲ್ಲ. ಶೂಟಿಂಗ್ ಶುರುವಾಗುವ ಮೊದಲು ಬಣ್ಣ, ಮೈಕು ನೋಡಲು ಶೀಬಾಳನ್ನು ಕ್ಯಾಮೆರಾ ಎದುರು ನಿಲ್ಲಿಸಿ ಮಾತಾಡಿಸುತ್ತಿದ್ದೆವಲ್ಲ, ಆ ತುಣುಕುಗಳನ್ನಷ್ಟೇ ಅಳಿಸುವ ಮುಂಚೆ ಒಂದು ಕಡೆ ಸೇರಿಸುತ್ತಾ ಬಂದಿದ್ದೆ. ಮೂರನೇ ಕ್ಲಾಸಿನಿಂದ ಮದುವೆಯ ಹಿಂದಿನ ದಿನದವರೆಗೆ, ಬರೀ ಅವಳ ಮಾತು. ಮಗಳು ಹೋದ ಮನೆಯಲ್ಲಿ ನಿನಗೆ ಬೇಸರವಾಗುತ್ತದೆಂದು ಆ ದಿನ ನಿನಗೆ ಕೊಡಲು ತಂದಿದ್ದೆ. ಮಗುವಿಗೆ ಇದೆಲ್ಲ ಹೇಳಬೇಡ. ಪದ್ದು ನಾನಿ ಕಳೆದುಹಾಕಿದಳಂತೆ ಎಂದುಬಿಡು.