ನಾನು ಅಳೆದದ್ದು ಫ್ಲಾಸ್ಕನ್ನು

ಲೀಡ್ಸ್, ೧೪ ನವೆಂಬರ್ ೧೯೩೪, ಬುಧವಾರ

ಇವತ್ತೂ ಅದೇ ಅಂಕಿ ಬಂತು. ಕಾಯಿಸಿದ ಅನಿಲದ ಅಣುಗಳು ಎಷ್ಟು ಬೇಗ ಒಡೆಯುತ್ತವೆಂದು ಆರು ವರ್ಷ ಅಳೆದೆ; ಪ್ರೊಫೆಸರ್ ಹ್ಯಾಲಿವೆಲ್ ಜೊತೆ ಪ್ರಕಟಿಸಿಯೂ ಆಯಿತು. ಹೋದ ವಾರ ಯಾಕೋ ಅನುಮಾನ ಬಂದು ಅನಿಲ ಕಾಯಿಸುವ ಅದೇ ಗಾಜಿನ ಫ್ಲಾಸ್ಕಿಗೆ ಗಾಜಿನ ಚೂರು ತುಂಬಿ ನೋಡಿದೆ. ಅನಿಲ ಮೂರು ಪಟ್ಟು ಬೇಗ ಒಡೆಯಿತು; ಇವತ್ತೂ ಹಾಗೆಯೇ. ಅಂದರೆ ಅದು ತನ್ನಷ್ಟಕ್ಕೆ ಒಡೆಯುತ್ತಿರಲೇ ಇಲ್ಲ, ಗಾಜಿನ ಗೋಡೆಗೆ ತಾಗಿ ಒಡೆಯುತ್ತಿತ್ತು. ಆರು ವರ್ಷ ನಾನು ಅಳೆದದ್ದು ಫ್ಲಾಸ್ಕನ್ನು.

ನಮಗೆ ಗಾಜು ಊದಿಕೊಡುವ ಈನಾಕ್ ನನ್ನ ಮುಖ ನೋಡಿ, "ಏನ್ ತಾಯಿ, ತಪ್ಪೆಲ್ಲ ನನ್ ಗಾಜಿನ ಮೇಲೆ ಹಾಕ್ತೀರಾ?" ಎಂದ.

"ಇಲ್ಲಪ್ಪ, ನಿನ್ ಗಾಜು ಚೆನ್ನಾಗೇ ಇದೆ. ಕೆಟ್ಟಿರೋದು ನನ್ ತಲೆ."

ಚಹಾದ ಹೊತ್ತಿಗೆ ಹ್ಯಾಲಿವೆಲ್ ಅವರಿಗೆ ಹೇಳಿದೆ. ಅವರು ಬಿಸ್ಕತ್ತು ಅದ್ದುತ್ತಲೇ, "ಗಾಜಿನ ಚೂರು ಸರಿಯಾಗಿ ತೊಳೆದಿರೋದಿಲ್ಲ ನೀನು, ಬಿಡಮ್ಮ" ಎಂದರು.

"ನಾಲ್ಕು ಸಲ ತೊಳೆದಿದ್ದೀನಿ ಸರ್."

"ಈಗ ಯಾರು ಕೇಳಿದ್ರು ನಿನ್ನ? ಆ ಅಂಕಿನ ಎಲ್ಲರೂ ಬಳಸ್ತಿದ್ದಾರೆ."

"ಅದಕ್ಕೇ ಹೇಳ್ಬೇಕು ಅಂತಿರೋದು."

"ಹೇಳ್ಕೋ ಹೋಗು. ನನ್ನ ಹೆಸರು ಹಾಕ್ಬೇಡ."

ಆ ಅಂಕಿ ಪ್ರಕಟವಾದಾಗ ಅವರ ಹೆಸರೇ ಮೊದಲಿತ್ತು. ಆದರೂ ಬಾಗಿಲು ಎಳೆದುಕೊಳ್ಳುವಾಗ ನಾನು "ಥ್ಯಾಂಕ್ಸ್ ಸರ್" ಎಂದೆ. ಯಾತಕ್ಕೆ ಹಾಗೆಂದೆನೋ, ಇನ್ನೂ ಮೈಯುರಿಯುತ್ತಿದೆ.

ಅದು ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ಕಾಗದ ಬರೆದು ಐದೂವರೆಯ ಅಂಚೆಗೆ ಹಾಕಿದೆ. ನಮ್ಮ ಅಂಕಿ ತಪ್ಪು, ದಯವಿಟ್ಟು ಯಾರೂ ಬಳಸಬೇಡಿ ಎಂದು ನಾಲ್ಕು ಸಾಲು. ಕೆಳಗೆ ಒಂದೇ ಸಹಿ, ಎಡಿತ್ ಥ್ರೆಲ್‌ಫಾಲ್. ನನ್ನ ಹೆಸರು ಒಂಟಿಯಾಗಿ ಅಚ್ಚಾಗುವುದು ಇದೇ ಮೊದಲು. ಅದೂ ಹೀಗೆ.